ಯಾರಿಗೂ ಕಾಯದ ರೆಕಾರ್ಡು

ಹೋಸಿಯಾ ಟಾಲಿವರ್‌ನ ಕೊನೆಯ ರೆಕಾರ್ಡು ಬಹಳ ಚೆನ್ನಾಗಿದೆ ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ಮೈಯೆಲ್ಲ ಉರಿಯುತ್ತದೆ. ಹೇಳುವವರು ಒಳ್ಳೆಯವರೇ ಇರುತ್ತಾರೆ. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತ ಕಾಲೇಜು ಹುಡುಗ, ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿರುವ ಹೆಂಗಸು, ಇಂಥವರು. "ನೀವು ಅವರ ಜೊತೆ ಬೇಸ್ ಗಿಟಾರ್ ನುಡಿಸ್ತಿದ್ದ ವರ್ಲೀನ್ ಅಲ್ವಾ? ಅಬ್ಬಾ, ಆ ರೆಕಾರ್ಡು ಎಷ್ಟು ಅಚ್ಚುಕಟ್ಟಾಗಿದೆ!" ಎನ್ನುತ್ತಾರೆ. ನಾನು ಹಲ್ಲು ಕಚ್ಚಿಕೊಂಡು ಥ್ಯಾಂಕ್ಸ್ ಹೇಳುತ್ತೇನೆ. ಇಷ್ಟು ವರ್ಷ ಹಾಗೇ ಹೇಳಿದ್ದಾಯಿತು. ಇನ್ನು ನನ್ನ ಕೈಲಾಗದು.

ನಾವೆಲ್ಲ ಮಿಸಿಸಿಪ್ಪಿಯ ಹತ್ತಿ ಹೊಲಗಳಿಂದ ರೈಲು ಹತ್ತಿ ಶಿಕಾಗೋಗೆ ಬಂದ ಕರಿಯರು. ಹೋಸಿಯಾ ಹಗಲು ಉಕ್ಕಿನ ಕಾರ್ಖಾನೆಯಲ್ಲಿ ದುಡಿದು, ಶುಕ್ರವಾರ ಶನಿವಾರ ವೆಸ್ಟ್ ಸೈಡಿನ ಡೋರಾಳ ಬಾರಿನಲ್ಲಿ ನಮ್ಮ ಜನರ ನೋವಿನ ಹಾಡಾದ ಬ್ಲೂಸ್ ಹಾಡುತ್ತಿದ್ದ. ಗಿಟಾರು ಅವನದು, ಡ್ರಮ್ಮು ರೂಫಸ್‌ನದು, ಬೇಸು ನನ್ನದು. ಭಾನುವಾರ ಬೆಳಿಗ್ಗೆ ಮೂವರೂ ಮುಖ ತೊಳೆದು ಮೌಂಟ್ ನೆಬೋ ಚರ್ಚಿನ ಕೊನೆಯ ಬೆಂಚಿನಲ್ಲಿ ಹಾಜರಾಗುತ್ತಿದ್ದೆವು. ಶನಿವಾರ ನಾವು ಎಲ್ಲಿದ್ದೆವು ಎನ್ನುವುದು ಇಡೀ ಚರ್ಚಿಗೆ ಗೊತ್ತಿತ್ತು. ಅವರಲ್ಲಿ ಅರ್ಧ ಜನ ಅಲ್ಲೇ ಇದ್ದವರು. ಆದರೆ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ.

ಹೋಸಿಯಾ ಆ ಕೊನೆಯದಕ್ಕೂ ಮುಂಚೆ ಮೂರು ಸಲ ರೆಕಾರ್ಡು ಮಾಡಿದ್ದ. ಮೂರು ಸಲವೂ ಯಾರೋ ಬಂದು ಅವನಿಗೆ ಅವನ ಸಂಗೀತವನ್ನೇ ಪಾಠ ಮಾಡಿ ಹೋದರು. ಮೊದಲನೆಯದು ಸೋಫಾ ಮಾರುವ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಂಗಡಿಯವನೇ ಕಂಪನಿ ಯಜಮಾನ. ಹಾಡುವಾಗ ಹೋಸಿಯಾ ಬಲಗಾಲು ನೆಲಕ್ಕೆ ಕುಟ್ಟುತ್ತಾನೆ, ಅದೇ ಅವನ ತಾಳ. ಯಜಮಾನ ಬಂದು ಆ ಕಾಲಿನ ಕೆಳಗೆ ಒಂದು ದಿಂಬು ಇಟ್ಟ. ಗೋಡೆಯ ಮೇಲೊಂದು ಕೆಂಪು ಬಲ್ಬು. ರೆಕಾರ್ಡಿನ ಮೂರು ನಿಮಿಷ ಮುಗಿದು ಅದು ಹತ್ತಿದರೆ ಹಾಡು ನಿಲ್ಲಿಸಬೇಕು. ಹೋಸಿಯಾ ಕಡೆಯ ಪದ್ಯಕ್ಕೆ ಬಾಯಿ ತೆರೆದಿದ್ದಾಗ ಬಲ್ಬು ಹತ್ತಿತು. ಆ ಹಾಡಿನಲ್ಲಿ ಬಿಟ್ಟು ಹೋದ ಹುಡುಗಿ ವಾಪಸು ಬಂದಳೋ ಇಲ್ಲವೋ ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ.

ಆಮೇಲೆ ಬಿಳಿಯ ಹುಡುಗರಿಗೆಲ್ಲ ಹಳ್ಳಿಯ ಹಾಡಿನ ಹುಚ್ಚು ಹಿಡಿದ ಕಾಲ ಬಂತು. ಕರೆಂಟಿನ ಗಿಟಾರು ಬೇಡ, ಅದು ಅಸಲಿಯಲ್ಲ ಎಂದು ಹೋಸಿಯಾನ ಕೈಯಿಂದ ಕಿತ್ತುಕೊಂಡು ಒಂದು ಮರದ ಗಿಟಾರು ಕೊಟ್ಟರು. ರೆಕಾರ್ಡಿನ ಮುಖಪುಟಕ್ಕೆ ಬರಿಗಾಲಿನಲ್ಲಿ ಕೂರಿಸಿ ಫೋಟೋ ಹೊಡೆದರು. ಶನಿವಾರಕ್ಕೊಮ್ಮೆ ಕೂತು ಶೂಗೆ ಪಾಲಿಶ್ ಹಾಕುವ ಮನುಷ್ಯ ಅವನು! ಮೂರನೆಯ ಸಲ ಬಂದವರಿಗೆ ಉದ್ದ ಕೂದಲು. ಅವರು ಗಿಟಾರಿಗೆ ಒಂದು ಪೆಡಲು ಸಿಕ್ಕಿಸಿದರು. ತುಳಿದರೆ ಬೆಕ್ಕನ್ನು ಬಾಲ ಹಿಡಿದು ಎತ್ತಿದಂತೆ ಸದ್ದು. "ಇದನ್ನ ಮನೇಲಿ ಹಾಕ್ಬೇಡ್ರೋ, ನಾಯಿ ಊಟ ಬಿಡುತ್ತೆ" ಎಂದು ಹೋಸಿಯಾನೇ ನಗುತ್ತಿದ್ದ. ನಗುವುದು ಅವನ ಗುಣ. ಸಿಟ್ಟಾಗುವ ಕೆಲಸ ನನಗೆ ಬಿಟ್ಟಿದ್ದ.

ಈ ಮೂರರಲ್ಲೂ ಒಂದು ಸಂಗತಿ ಇರಲೇ ಇಲ್ಲ. ಅವನ ಕಾಯುವಿಕೆ.

ನಮ್ಮ ಊರ ಕಡೆ ಚರ್ಚಿನಲ್ಲಿ ಪುಸ್ತಕ ಇರಲಿಲ್ಲ, ಓದುವವರೂ ಕಡಿಮೆ. ಪಾದ್ರಿಗೆ ನೆರವಾಗುವ ಡೀಕನ್ ಎದ್ದು ನಿಂತು ಹಾಡಿನ ಒಂದು ಸಾಲು ಹೇಳುತ್ತಾನೆ, ಜನ ಅದನ್ನು ಎಳೆದು ಎಳೆದು ಹಾಡುತ್ತಾರೆ. ಪಿಯಾನೊ ಇಲ್ಲ, ಚಪ್ಪಾಳೆ ಇಲ್ಲ, ಎಣಿಕೆ ಇಲ್ಲ. ಒಬ್ಬೊಬ್ಬರದು ಒಂದೊಂದು ಉಸಿರು. ಎಲ್ಲರಿಗಿಂತ ನಿಧಾನದ ದನಿ ಮುಗಿಯುವ ತನಕ ಡೀಕನ್ ಮುಂದಿನ ಸಾಲು ಎತ್ತುವಂತಿಲ್ಲ. ಅವಸರ ಮಾಡಿದ ಒಬ್ಬ ಡೀಕನ್‌ನನ್ನು ನಮ್ಮ ಹಿರಿಯರು ಮತ್ತೆ ಆ ಜಾಗದಲ್ಲಿ ನಿಲ್ಲಿಸಲಿಲ್ಲ. ಶಿಕಾಗೋಗೆ ಬಂದ ಮೇಲೂ ಮೌಂಟ್ ನೆಬೋದಲ್ಲಿ ಪಾದ್ರಿ ಬರುವ ಮುಂಚೆ ಹಾಗೇ ಹಾಡುತ್ತಿದ್ದೆವು.

ಆ ನಿಧಾನದ ದನಿ ಯಾವಾಗಲೂ ಮದರ್ ಓಜೆಲ್ಲಾಳದು. ಮದರ್ ಎಂದರೆ ಚರ್ಚಿನಲ್ಲಿ ಹಿರಿಯಳೆಂದು. ಹೋಸಿಯಾಗೆ ಅವಳು ಚಿಕ್ಕಮ್ಮ. ಅವನ ತಾಯಿ ಹೆರಿಗೆಯಲ್ಲಿ ಹೋದಾಗ ಎತ್ತಿಕೊಂಡು ಸಾಕಿದವಳು. ಎಲ್ಲರ ದನಿ ಮುಗಿದು ಚರ್ಚು ನಿಶ್ಶಬ್ದವಾದ ಮೇಲೂ ಅವಳ ಸಾಲಿನ ತುದಿ ಇನ್ನೂ ಗಾಳಿಯಲ್ಲಿರುತ್ತಿತ್ತು. ನಾವು ಕಾಯುತ್ತಿದ್ದೆವು. ನಿಜ ಹೇಳಬೇಕೆಂದರೆ ಹಾಡು ಶುರುವಾಗುವುದೇ ಅಲ್ಲಿ ಎಂದು ನನಗನ್ನಿಸುತ್ತಿತ್ತು.

ಹೋಸಿಯಾ ಬಾರಿನಲ್ಲಿ ಹಾಡುವಾಗಲೂ ಅದೇ ಬುದ್ಧಿ. ಒಂದು ಸಾಲು ಹಾಡಿ ಸುಮ್ಮನಾಗುತ್ತಾನೆ. ಎದುರಿನಿಂದ ಯಾರಾದರೂ "ಹೌದಪ್ಪಾ" ಎನ್ನಬೇಕು, ಯಾರಾದರೂ ಗುನುಗಬೇಕು. ಆ ಉತ್ತರ ಪೂರ್ತಿಯಾಗುವ ತನಕ ಅವನ ಬೆರಳು ಮುಂದಿನ ಸ್ವರಕ್ಕೆ ಸರಿಯುವುದಿಲ್ಲ. ಬೇರೆಯವರ ಬ್ಲೂಸ್ ಹನ್ನೆರಡು ಎಣಿಸಿದರೆ ಒಂದು ಸುತ್ತು. ಅವನದು ಒಮ್ಮೆ ಹದಿಮೂರು, ಒಮ್ಮೆ ಹದಿನಾಲ್ಕೂವರೆ. ಹೊಸದಾಗಿ ಬಂದವರು ಬೆವರುತ್ತಿದ್ದರು. ರೂಫಸ್ ಅವರಿಗೆ, "ಎಣಿಸ್ಬೇಡ್ರೋ, ಎಣಿಸೋದು ಬ್ಯಾಂಕಲ್ಲಿ. ಅವನ ಭುಜ ನೋಡ್ರಿ" ಎನ್ನುತ್ತಿದ್ದ.

ಡೆನ್ನಿಸ್ ಹಾಲ್‌ಬ್ರುಕ್ ಎಂಬ ಮಹಾಶಯ ಬಂದದ್ದು ಹೋಸಿಯಾ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ. ಮೂವತ್ತರ ಆಸುಪಾಸು, ತೆಳು ಗಡ್ಡ, ಸ್ವಂತ ರೆಕಾರ್ಡು ಕಂಪನಿ. ನಾವೆಲ್ಲ ಹೋಸಿಯಾನ ಮನೆಯ ಮುಂಗೋಣೆಯಲ್ಲಿ ಕುಳಿತಿದ್ದೆವು. ಬಾಗಿಲಲ್ಲಿ ನಿಂತೇ, "ಹೋಸಿಯಾ! ನೀನು ನಂಗೆ ದೇವರು" ಎಂದ. ಮಿಸ್ಟರ್ ಟಾಲಿವರ್ ಅಲ್ಲ, ಬರೀ ಹೋಸಿಯಾ. ಎಪ್ಪತ್ತು ವರ್ಷದ ಮನುಷ್ಯನನ್ನು ಮೊಮ್ಮಗನ ವಯಸ್ಸಿನ ಬಿಳಿಯನೊಬ್ಬ ಹೆಸರು ಹಿಡಿದು ಕರೆಯುವುದಕ್ಕೆ ಬೇಸತ್ತೇ ನಾವು ಮಿಸಿಸಿಪ್ಪಿ ಬಿಟ್ಟು ಬಂದದ್ದು. ನಾನು ಕೆಮ್ಮಿದೆ. ಅವನಿಗೆ ಅರ್ಥವಾಗಲಿಲ್ಲ, "ನೀರು ತಂದ್ಕೊಡ್ಲಾ?" ಎಂದು ಕೇಳಿದ.

ಅವನ ಪ್ರೀತಿಯಲ್ಲಿ ಕಪಟ ಇರಲಿಲ್ಲ, ಅದನ್ನು ಒಪ್ಪುತ್ತೇನೆ. ಹೋಸಿಯಾನ ಹಳೆಯ ರೆಕಾರ್ಡೆಲ್ಲ ಅವನಿಗೆ ಬಾಯಿಪಾಠ. ಬೆಕ್ಕಿನ ಪೆಡಲಿನದೂ.

"ಒಂದೇ ಒಂದು ಕಡೇ ರೆಕಾರ್ಡು, ಹೋಸಿಯಾ. ನಿನಗೆ ಹೇಗೆ ಬೇಕೋ ಹಾಗೆ," ಎಂದ.

ಹೋಸಿಯಾ ಹೇಳಿದ, "ನಂಗೆ ಒಂದೇ ಬೇಕಾಗಿರೋದು. ನಮ್ಮ ಜನ ಆ ಕೋಣೇಲಿ ಕೂತಿರ್ಬೇಕು."

"ಜನ? ಅಂದ್ರೆ?"

"ಜನ ಅಂದ್ರೆ ಜನ ಕಣಪ್ಪ. ಇಷ್ಟು ವರ್ಷ ಸ್ಟುಡಿಯೋ ಒಳಗೆ ನಾನು ಒಂದು ಸಾಲು ಹಾಡಿ ಯಾರಿಗೆ ಕಾಯ್ಲಿ? ಗೋಡೆಗಾ? ಗಾಜಿನ ಆಚೆ ಕೂತು ಸ್ಯಾಂಡ್‌ವಿಚ್ ತಿನ್ನೋನಿಗಾ?"

ಹಾಲ್‌ಬ್ರುಕ್‌ನ ಕಣ್ಣು ತೇವವಾಯಿತು. "ಅದ್ಭುತ," ಎಂದ. "ಅದೇ ಆಗ್ಲಿ." ಎದ್ದು ಬಂದು ಹೋಸಿಯಾನನ್ನು ತಬ್ಬಿಕೊಂಡ. ನನ್ನನ್ನೂ ತಬ್ಬಿಕೊಳ್ಳಲು ಬಂದ. ನಾನು ಕೈ ಚಾಚಿ ಹ್ಯಾಂಡ್‌ಶೇಕಿಗೇ ಮುಗಿಸಿದೆ.

ಮಾರನೆಯ ದಿನವೇ ಹೋಸಿಯಾ ನನ್ನನ್ನೂ ಕರೆದುಕೊಂಡು ಚಿಕ್ಕಮ್ಮನ ಮನೆಗೆ ಹೋದ. ಓಜೆಲ್ಲಾ ಅಡುಗೆಮನೆಯಲ್ಲಿ ಅವರೆ ಬಿಡಿಸುತ್ತಾ ಕುಳಿತಿದ್ದಳು. ಅವಳಿಗೆ ಆಗಲೇ ಎಂಬತ್ತೇಳು. ಸಾಕಿದ ಮಗ ಇಡೀ ವೆಸ್ಟ್ ಸೈಡಿಗೆ ಹಾಡಿದ್ದರೂ ಅವಳು ಎದುರು ಕುಳಿತು ಒಂದು ದಿನವೂ ಕೇಳಿರಲಿಲ್ಲ. ಬಾರಿನ ಹೊಸಿಲು ತುಳಿಯುವವಳಲ್ಲ.

"ನಾನು ಅಂಥಾ ಕಡೆಗೆಲ್ಲ ಬರೋಳಲ್ಲ ಅಂತ ನಿಂಗೊತ್ತಿಲ್ವೇನೋ?" ಎಂದಳು, ತಲೆಯೆತ್ತದೆ.

"ಬಾರಲ್ಲ ಚಿಕ್ಕಮ್ಮ. ಸ್ಟುಡಿಯೋ."

"ಅಲ್ಲಿ ಕುಡೀತಾರಾ?"

"ಕುಡೀತಾರೆ. ಕಾಫಿ."

"ಪಾದ್ರಿಗಳಿಗೆ ಗೊತ್ತಾದ್ರೆ?"

ನಾನು ನಡುವೆ ಬಾಯಿ ಹಾಕಿದೆ. "ಮದರ್, ಪಾದ್ರಿಗಳು ತಮ್ಮ ಹೆಂಡ್ತೀನೂ ಕರ್ಕೊಂಡು ಬರ್ಬಹುದಾ ಅಂತ ಬೆಳಿಗ್ಗೆನೇ ನಂಗೆ ಫೋನ್ ಮಾಡಿದ್ರು."

ಓಜೆಲ್ಲಾ ನಕ್ಕಳು. ಆಮೇಲೆ ಅವರೆಯ ಬಟ್ಟಲನ್ನು ಪಕ್ಕಕ್ಕಿಟ್ಟು, ಅದುವರೆಗೆ ಯಾರೂ ಅವಳನ್ನು ಏನೂ ಕೇಳಿರದಂತೆ ನಾಚಿಕೊಂಡು, "ನನ್ನ ದನಿ ಅದರಲ್ಲಿ ಬರುತ್ತೇನೋ? ನಾನು ಹೋದ ಮೇಲೂ ಇರುತ್ತಾ?" ಎಂದಳು.

"ಇರುತ್ತೆ. ನೀನು ಎಷ್ಟು ಎಳೀತೀಯೋ ಎಳಿ. ನಾನು ಕಾಯ್ತೀನಿ. ಮಾತು ಕೊಡ್ತೀನಿ, ಚಿಕ್ಕಮ್ಮ."

ಅವನು ಮಾತು ಕೊಟ್ಟದ್ದನ್ನು ನಾನು ಕಿವಿಯಾರೆ ಕೇಳಿದೆ. ಹೋಸಿಯಾ ಸುಲಭಕ್ಕೆ ಮಾತು ಕೊಡುವವನಲ್ಲ. ಎರಡು ಸಲ ಮದುವೆ ಆಗಬೇಕಿದ್ದವನು ಮಾತು ಕೊಡಲಾರದೆಯೇ ಒಂಟಿಯಾಗಿ ಉಳಿದ.

ರೆಕಾರ್ಡಿಂಗಿನ ದಿನ ಸ್ಟುಡಿಯೋದವರು ಕಕ್ಕಾಬಿಕ್ಕಿಯಾದರು. ಮೌಂಟ್ ನೆಬೋದ ಹೆಂಗಸರು ಈಸ್ಟರ್ ಹಬ್ಬದ ಟೋಪಿಗಳನ್ನೆಲ್ಲ ಹಾಕಿಕೊಂಡು ಬಂದಿದ್ದರು. ಡೋರಾ ಹುರಿದ ಮೀನು, ಜೋಳದ ರೊಟ್ಟಿ, ಗೆಣಸಿನ ಪೈ ಎಲ್ಲ ಹೊತ್ತು ತಂದಿದ್ದಳು. ಬಾರಿನ ಖಾಯಂ ಗಿರಾಕಿಗಳೂ ಚರ್ಚಿನ ಹಿರಿಯರೂ ಅಕ್ಕಪಕ್ಕ ಕುಳಿತು, ಜೀವಮಾನದಲ್ಲಿ ಮೊದಲ ಬಾರಿ ಭೇಟಿಯಾದವರಂತೆ ಪರಸ್ಪರ ಕೈಕುಲುಕಿದರು. ಜನರಿಗೆಂದು ಹಾಲ್‌ಬ್ರುಕ್ ಬೇರೆಯೇ ಎರಡು ಮೈಕು ನಿಲ್ಲಿಸಿದ್ದ. ಎಷ್ಟು ಮುತುವರ್ಜಿ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಹೋಸಿಯಾ ಶುರುಮಾಡಿದ್ದು ತನ್ನದೇ ಹಳೆಯ ಹಾಡು, ಅದುವರೆಗೆ ಯಾವ ಕಂಪನಿಗೂ ಕೊಡದೆ ಇಟ್ಟುಕೊಂಡದ್ದು. "ಬಾಗಿಲು ಹಾಕಬೇಡ, ನಾನಿನ್ನೂ ದಾರಿಯಲ್ಲಿದ್ದೀನಿ." ಒಂದು ಸಾಲು ಹಾಡಿ ಸುಮ್ಮನಾದ. ಎಲ್ಲರೂ ಗುನುಗಿ ಮುಗಿಸಿದರು. ಎಲ್ಲರೂ ಮುಗಿಸಿದ ಮೇಲೆ, ಓಜೆಲ್ಲಾ. ಬಾಯಿ ಅರ್ಧ ಮುಚ್ಚಿಕೊಂಡೇ ಅವಳು ಆ ಸಾಲನ್ನು ಎತ್ತಿ, ಇಳಿಸಿ, ಇನ್ನೇನು ಬಿಟ್ಟಳು ಎನ್ನುವಾಗ ಮತ್ತೆ ಎತ್ತಿದಳು. ರೂಫಸ್‌ನ ಕೋಲು ಗಾಳಿಯಲ್ಲಿ ನಿಂತಿತ್ತು. ನನ್ನ ಬೆರಳು ತಂತಿಯ ಮೇಲಿತ್ತು. ನಾವಿಬ್ಬರೂ ಹೋಸಿಯಾನ ಭುಜ ನೋಡುತ್ತಿದ್ದೆವು, ಅವನು ಚಿಕ್ಕಮ್ಮನ ಮುಖ ನೋಡುತ್ತಿದ್ದ. ಅವಳ ಉಸಿರು ಮುಗಿಯಿತು. ಭುಜ ಇಳಿಯಿತು. ಎಲ್ಲರೂ ಒಟ್ಟಿಗೇ ಮುಂದಿನ ಸಾಲಿಗೆ ಇಳಿದೆವು. ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ಅವನ ಜೊತೆ ನುಡಿಸಿದ್ದೇನೆ. ಅಂಥದ್ದು ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಗಾಜಿನ ಆಚೆ ಹಾಲ್‌ಬ್ರುಕ್ ಕಣ್ಣೊರೆಸಿಕೊಳ್ಳುತ್ತಿದ್ದ. ಹೊರಗೆ ಬಂದವನೇ ಓಜೆಲ್ಲಾಳ ಕೈಗೆ ಮುತ್ತಿಟ್ಟ. ಡೋರಾಳ ಮೀನನ್ನು ಎರಡು ಸಲ ಹಾಕಿಸಿಕೊಂಡು ತಿಂದ.

ರೆಕಾರ್ಡು ಬಂದದ್ದು ಶರತ್ಕಾಲದಲ್ಲಿ. ಹೋಸಿಯಾ ಮೊದಲು ತಾನೊಬ್ಬನೇ ಕೇಳಲಿಲ್ಲ. ಭಾನುವಾರ ಚರ್ಚು ಮುಗಿದ ಮೇಲೆ ಎಲ್ಲರೂ ಬನ್ನಿ, ಒಟ್ಟಿಗೇ ಕೇಳೋಣ ಎಂದ. ಅವನ ಮುಂಗೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆಟ್ಟಿಲ ಮೇಲೂ ಜನ. ಓಜೆಲ್ಲಾಳನ್ನು ರೆಕಾರ್ಡು ಪ್ಲೇಯರಿನ ಪಕ್ಕದ ಆರಾಮಕುರ್ಚಿಯಲ್ಲಿ ಕೂರಿಸಿದರು. ಅವಳು ಹೊಸ ಕೈಗವಸು ಹಾಕಿಕೊಂಡು ಬಂದಿದ್ದಳು. ತನ್ನ ದನಿಯನ್ನು ಕೇಳಲಿಕ್ಕೆ ಕೈಗವಸು!

ಹೋಸಿಯಾ ಮುಳ್ಳು ಇಟ್ಟ. ಗಿಟಾರು ಬಂತು, ನನ್ನ ಬೇಸು ಬಂತು. ಅವನ ದನಿ ಬಂತು, "ಬಾಗಿಲು ಹಾಕಬೇಡ, ನಾನಿನ್ನೂ ದಾರಿಯಲ್ಲಿದ್ದೀನಿ." ಕೋಣೆಯಲ್ಲಿದ್ದವರೆಲ್ಲ, ಇನ್ನು ತಮ್ಮ ಸರದಿ ಎಂದು, ಅಭ್ಯಾಸಬಲದಿಂದ ಗುನುಗಿದರು. ಓಜೆಲ್ಲಾ ಕಣ್ಣು ಮುಚ್ಚಿ ತನ್ನ ಸಾಲು ಎತ್ತಿದಳು.

ರೆಕಾರ್ಡು ಕಾಯಲಿಲ್ಲ.

ಅವಳ ಬಾಯಲ್ಲಿ ಸಾಲು ಇನ್ನೂ ಅರ್ಧವೂ ಆಗಿರಲಿಲ್ಲ, ರೆಕಾರ್ಡಿನ ಹೋಸಿಯಾ ಎರಡನೆಯ ಸಾಲಿಗೆ ಹಾರಿಬಿಟ್ಟ. ಒಂದು ಗುನುಗು ಇಲ್ಲ, ಒಂದು ಹೌದಪ್ಪಾ ಇಲ್ಲ. ಸ್ಟುಡಿಯೋದಲ್ಲಿ ನಮ್ಮ ಮೂವರ ಹೊರತು ಬೇರೆ ನರಪಿಳ್ಳೆಯೂ ಇರಲಿಲ್ಲ ಎನ್ನುವಂತೆ ಹಾಡು ನೆಟ್ಟಗೆ, ಹನ್ನೆರಡಕ್ಕೆ ಹನ್ನೆರಡು ಹಾಕಿಕೊಂಡು ಓಡುತ್ತಿತ್ತು. ಜನರ ದನಿಯನ್ನು ಬೇರೆ ಮೈಕಿನಲ್ಲಿ ಹಿಡಿದಿದ್ದು ಆಮೇಲೆ ಅಳಿಸಲಿಕ್ಕೆ ಸುಲಭವಾಗಲೆಂದು. ನಾವು ಕಾದ ಜಾಗಗಳನ್ನೆಲ್ಲ ಬ್ಲೇಡು ಹಾಕಿ ಟೇಪಿನಿಂದ ಕತ್ತರಿಸಿ, ತುದಿಗೆ ತುದಿ ಅಂಟಿಸಿದ್ದರು.

ಗುನುಗುತ್ತಿದ್ದವರೆಲ್ಲ ಬಾಯಿ ಮುಚ್ಚಿಕೊಂಡರು. ಓಜೆಲ್ಲಾಳ ಬಾಯಿ ಮಾತ್ರ ತೆರೆದೇ ಇತ್ತು. ಅವಳು ಕಣ್ಣು ಬಿಟ್ಟು, ಸುತ್ತ ಎಲ್ಲರನ್ನೂ ನೋಡಿ, ಕೈಗವಸಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು.

"ಅಯ್ಯೋ, ತಪ್ಪಾಯ್ತು ಕಣೋ ಹೋಸಿಯಾ," ಎಂದಳು. "ನಾನು ಹಿಂದೆ ಬಿದ್ದುಬಿಟ್ಟೆ. ಮೊದಲಿಂದ ಹಾಕು, ಈ ಸಲ ಬೇಗ ಹಾಡ್ತೀನಿ."

ಅವಳು ಕ್ಷಮೆ ಕೇಳಿದಳು. ಯಾರು ಯಾರ ಹತ್ತಿರ ಕ್ಷಮೆ ಕೇಳಬೇಕಿತ್ತೋ, ಯಾರು ಕೇಳಿದರೋ! ಹೋಸಿಯಾ ಮುಳ್ಳು ಎತ್ತಿದ. ನಗುತ್ತಲೇ ಬದುಕಿದ ಆ ಮನುಷ್ಯನ ಮುಖ ಅವತ್ತು ಬೂದಿಯ ಬಣ್ಣವಾಗಿತ್ತು. "ನಿನ್ನ ತಪ್ಪೇನಿಲ್ಲ ಚಿಕ್ಕಮ್ಮ, ಮಿಷನ್ನು ಕೆಟ್ಟಿದೆ" ಎಂದ. ಎಲ್ಲರೂ ಹೌದು ಹೌದು, ಮಿಷನ್ನು ಕೆಟ್ಟಿದೆ ಎಂದರು. ಓಜೆಲ್ಲಾ ಮಿಷನ್ನನ್ನೂ ನೋಡಿದಳು, ನಮ್ಮನ್ನೂ ನೋಡಿದಳು. ಅವಳೇನು ದಡ್ಡಿಯಲ್ಲ.

ಸೋಮವಾರ ಹೋಸಿಯಾ, ನಾನು ಇಬ್ಬರೂ ಹಾಲ್‌ಬ್ರುಕ್‌ನ ಆಫೀಸಿಗೆ ಹೋದೆವು. ಅವನು ನಮ್ಮನ್ನು ನೋಡಿ ಕುಣಿದಾಡಿದ. "ಹೋಸಿಯಾ! ಲಂಡನ್‌ನಿಂದ ಕೂಡ ಬೇಡಿಕೆ ಬರ್ತಿದೆ!"

"ನಮ್ಮ ಜನ ಎಲ್ಲಿ?" ಎಂದು ಹೋಸಿಯಾ ಕೇಳಿದ.

"ಯಾವ... ಓ, ಅವರಾ? ನೋಡು, ಕೋಣೆಯಲ್ಲಿ ಅದು ಅದ್ಭುತವಾಗಿತ್ತು. ನಾನು ಅತ್ತುಬಿಟ್ಟೆ, ನೀನೇ ನೋಡಿದೆಯಲ್ಲ. ಆದ್ರೆ ರೆಕಾರ್ಡಲ್ಲಿ ಕೇಳೋನಿಗೆ ಅದು ಗದ್ದಲ. ಆ ಅಜ್ಜಿ ಶ್ರುತಿ ಬಿಟ್ಟು ಹಾಡ್ತಿದ್ರು."

"ಆ ಅಜ್ಜಿಗೆ ಹೆಸರಿದೆ," ಎಂದೆ ನಾನು.

"ಖಂಡಿತ, ಖಂಡಿತ. ಮತ್ತೆ, ಹೋಸಿಯಾ, ಬೇಜಾರು ಮಾಡ್ಕೋಬೇಡ, ಆದ್ರೆ ಅಲ್ಲಲ್ಲಿ ನಿನ್ನ ಎಣಿಕೆ ತಪ್ಪಿತ್ತು. ವಯಸ್ಸಿಗೆ ಸಹಜ. ನಾನೇ ಮೂರು ವಾರ ಕೂತು ಒಂದೊಂದನ್ನೂ ಸರಿ ಮಾಡಿದೆ. ನಿನ್ನ ಮರ್ಯಾದೆ ಉಳಿಸಿದೆ."

ನನ್ನ ಬಾಯಿಗೆ ಏನು ಬಂತೋ ಅದನ್ನೆಲ್ಲ ಇಲ್ಲಿ ಬರೆಯಲಾರೆ. ಚರ್ಚಿಗೆ ಹೋಗುವವಳು ನಾನು. "ಎಣಿಕೆ ತಪ್ಪಿದ್ದಲ್ಲ ಕಣಯ್ಯಾ, ಅವನು ಕಾಯ್ತಿದ್ದ! ಎಂಬತ್ತೇಳು ವರ್ಷದ ಹೆಂಗಸಿಗೆ ಕಾಯ್ತಿದ್ದ! ನಿಂಗೆ ಅಮ್ಮ ಅಜ್ಜಿ ಯಾರೂ ಇಲ್ವಾ?" ಎಂದದ್ದಷ್ಟು ಬರೆಯಬಹುದು.

ಹಾಲ್‌ಬ್ರುಕ್ ನನ್ನ ಮಾತನ್ನು ಬಹಳ ಗಮನವಿಟ್ಟು ಕೇಳಿದ. ತಲೆಯಾಡಿಸಿದ. "ಎಂಥಾ ಒಳ್ಳೇ ಕಥೆ," ಎಂದ. "ಇದನ್ನ ಕವರಿನ ಹಿಂದೆ ಹಾಕ್ಬೇಕಿತ್ತು."

ಇಂಥವನಿಗೆ ಹೊಡೆಯುವುದಾದರೂ ಎಲ್ಲಿಗೆ? ಗೋಡೆಗಾದರೆ ಕೈಗೆ ನೋವಾದರೂ ಆಗುತ್ತದೆ.

ಮುಂದಿನ ತಿಂಗಳು ಡೌನ್‌ಟೌನಿನ ದೊಡ್ಡ ಸಭಾಂಗಣದಲ್ಲಿ ರೆಕಾರ್ಡಿನ ಬಿಡುಗಡೆ ಎಂದು ಆಗಲೇ ಅಚ್ಚು ಹಾಕಿಸಿದ್ದರು. ಹೋಸಿಯಾ ಹೋಗುವುದಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಹೋಗುತ್ತೇನೆ ಎಂದ. ನಾನು ಅವನ ಜೊತೆ ಜಗಳಕ್ಕೇ ನಿಂತೆ.

"ಕೇಳೇ ವರ್ಲೀನ್," ಎಂದ. "ಟೇಪಾದ್ರೆ ಕತ್ತರಿಸ್ತಾರೆ. ಸ್ಟೇಜ್ ಮೇಲೆ ನಿಂತ ಮನುಷ್ಯನ್ನ ಯಾವ ಬ್ಲೇಡಲ್ಲಿ ಕತ್ತರಿಸ್ತಾರೆ? ಚಿಕ್ಕಮ್ಮನ್ನ ಮುಂದಿನ ಸಾಲಲ್ಲಿ ಕೂರ್ಸು. ಅಷ್ಟೂ ಜನರ ಮುಂದೆ ಅವಳಿಗೆ ಕಾಯ್ತೀನಿ. ಕೊಟ್ಟ ಮಾತು ರೆಕಾರ್ಡಲ್ಲಿ ಆಗ್ಲಿಲ್ಲ, ಇಲ್ಲಾದ್ರೂ ಆಗ್ಲಿ."

ನನಗೂ ರೂಫಸ್‌ಗೂ ಸ್ಟೇಜಿನ ಮೇಲೆ ಜಾಗವಿರಲಿಲ್ಲ. ನಾವು ರೆಕಾರ್ಡಿನಲ್ಲಿದ್ದಂತೆ ನುಡಿಸುವುದಿಲ್ಲವಂತೆ! ರೆಕಾರ್ಡಿನಲ್ಲಿದ್ದದ್ದು ನಾವೇ! ಅದನ್ನು ಬಾಯಿಪಾಠ ಮಾಡಿದ ಹೊಸ ಹುಡುಗರನ್ನು ತಂದಿದ್ದರು. ರೂಫಸ್ ಟೈ ಸರಿಮಾಡಿಕೊಳ್ಳುತ್ತಾ, "ಸಿಸ್ಟರ್, ನಾನೇ ಸತ್ತು ನನ್ನ ತಿಥಿಗೆ ಬಂದ ಹಾಗಿದೆ" ಎಂದ.

ಓಜೆಲ್ಲಾ ನಮ್ಮಿಬ್ಬರ ನಡುವೆ ಕುಳಿತಳು. ಅದೇ ಕೈಗವಸು. ಸಭಾಂಗಣ ತುಂಬಿತ್ತು. ನಮ್ಮವರು ಅಲ್ಲೊಬ್ಬರು ಇಲ್ಲೊಬ್ಬರು.

ಹೋಸಿಯಾ ಬಂದ. ಮಿರಿಮಿರಿ ಮಿಂಚುವ ಶೂ, ಬೂದು ಸೂಟು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವನು ಕುಳಿತು, ಗಿಟಾರನ್ನು ಶ್ರುತಿ ಮಾಡಿ, ನಮ್ಮ ಸಾಲಿನ ಕಡೆ ಒಮ್ಮೆ ನೋಡಿ ಹಾಡಿದ, "ಬಾಗಿಲು ಹಾಕಬೇಡ, ನಾನಿನ್ನೂ ದಾರಿಯಲ್ಲಿದ್ದೀನಿ."

ಸುಮ್ಮನಾದ.

ಹುಡುಗರು ರೆಕಾರ್ಡಿನಂತೆ ಮುಂದೆ ಓಡಿದರು. ಹೋಸಿಯಾ ಎಡಗೈ ಎತ್ತಿದ. ಡ್ರಮ್ಮಿನವನು ತಬ್ಬಿಬ್ಬಾಗಿ ನಿಲ್ಲಿಸಿದ, ಬೇಸಿನವನೂ ನಿಲ್ಲಿಸಿದ. ಉತ್ತರ ಕೊಡಬೇಕು ಎನ್ನುವುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಪಾಪ, ಅವರಿಗೆ ಯಾರು ಹೇಳಿಕೊಟ್ಟಿದ್ದರು? ಹೋಸಿಯಾನ ಕಣ್ಣು ಓಜೆಲ್ಲಾಳ ಮೇಲಿತ್ತು.

ನಾನು ಅವಳ ಮೊಣಕೈ ಮುಟ್ಟಿದೆ. "ಮದರ್, ನಿಮಗೇ ಕಾಯ್ತಿದಾನೆ. ಹಾಡಿ."

ಅವಳು ತಲೆಯಲ್ಲಾಡಿಸಿದಳು.

"ಹಾಡಿ ಮದರ್!"

"ಬೇಡ ಕಣೇ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ನಾನು ಶ್ರುತಿ ಬಿಟ್ಟು ಹಾಡ್ತೀನಂತೆ. ತೆಗೆಸಿಹಾಕಿದ್ರಂತಲ್ಲ. ಇಷ್ಟು ದೊಡ್ಡ ಜನ ಬಂದಿದಾರೆ, ನನ್ನ ಹುಡುಗಂದು ಮತ್ತೆ ನನ್ನಿಂದ ಕೆಡ್ಬಾರ್ದು."

ಯಾರು ಅವಳಿಗೆ ಹೇಳಿದರೋ ದೇವರೇ ಬಲ್ಲ. ನಾನಂತೂ ಹೇಳಿರಲಿಲ್ಲ, ಹೋಸಿಯಾನೂ ಹೇಳಿರಲಿಲ್ಲ. ಅವಳು ಎರಡೂ ಕೈಗಳಿಂದ ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ನಾನೇ ಹಾಡಿಬಿಡೋಣ ಎಂದು ಬಾಯಿ ತೆರೆದೆ. ಅವಳು ನನ್ನ ಕೈಯನ್ನು ಎಷ್ಟು ಬಲವಾಗಿ ಹಿಡಿದಳೆಂದರೆ ನನ್ನ ದನಿ ಹೊರಡಲಿಲ್ಲ.

ಹೋಸಿಯಾ ಕಾದ. ಹಿಂದೆ ಯಾರೋ ಕೆಮ್ಮಿದರು. ಯಾರೋ ಕನಿಕರದಿಂದ ಮೆಲ್ಲಗೆ ಚಪ್ಪಾಳೆ ಶುರುಮಾಡಿದರು. ಪಕ್ಕದಿಂದ ಹಾಲ್‌ಬ್ರುಕ್ ಬಗ್ಗಿ ಬಂದು ಅವನ ಕಿವಿಯಲ್ಲಿ ಎರಡನೆಯ ಸಾಲಿನ ಮಾತುಗಳನ್ನು ಹೇಳಿಕೊಟ್ಟ. ಅವನದೇ ಹಾಡನ್ನು, ಅವನಿಗೆ! ಹೋಸಿಯಾ ಗಿಟಾರಿನ ವೈರು ಕಿತ್ತು ಎದ್ದು ನಿಂತ. ಸ್ಟೇಜಿನ ಮುಂದಿನ ಮೆಟ್ಟಿಲು ಇಳಿದು ನಮ್ಮ ಸಾಲಿಗೆ ಬಂದು, ಚಿಕ್ಕಮ್ಮನ ಕೋಟು ಎತ್ತಿ ಅವಳ ಹೆಗಲಿಗೆ ಹಾಕಿದ. ನಾವು ನಾಲ್ವರೂ ಹೊರಗೆ ಬಂದೆವು.

ಪತ್ರಿಕೆಗಳು ಬಹಳ ಗೌರವದಿಂದ ಬರೆದವು. ಹಿರಿಯ ಕಲಾವಿದ ವೃದ್ಧಾಪ್ಯದಿಂದ ತನ್ನ ಹಾಡನ್ನೇ ಮರೆತ ಕರುಳು ಹಿಂಡುವ ಗಳಿಗೆ ಎಂದು. ಪುಣ್ಯಕ್ಕೆ ರೆಕಾರ್ಡಿನಲ್ಲಿ ಅವನ ಕಲೆ ಭದ್ರವಾಗಿ ಉಳಿದಿದೆ ಎಂದು. ಹೋಸಿಯಾ ಓದಿ ಪಕ್ಕಕ್ಕಿಟ್ಟ. ನಾನು ಹರಿದು ಒಲೆಗೆ ಹಾಕಿದೆ. ಅದರಿಂದ ಏನು ಬಂತು? ಎಲ್ಲರ ಮನೆಯ ಪತ್ರಿಕೆಯನ್ನೂ ಹರಿಯಲು ನನ್ನಿಂದಾಗುತ್ತದೆಯೇ?

ಅದನ್ನೆಲ್ಲ ನುಂಗಿಕೊಂಡಿದ್ದೇನೆ. ನುಂಗಲಾಗದ್ದು ಅದಾದ ಮರುಭಾನುವಾರ ಚರ್ಚಿನಲ್ಲಿ ನಡೆದದ್ದು. ಪಾದ್ರಿ ಬರುವುದಕ್ಕೆ ಮುಂಚೆ ಎಂದಿನಂತೆ ಡೀಕನ್ ಎದ್ದು ಸಾಲು ಹೇಳಿದ. ನಾವೆಲ್ಲ ಎಳೆದು ಹಾಡಿದೆವು. ಒಬ್ಬೊಬ್ಬರದೇ ದನಿ ಮುಗಿಯುತ್ತಾ ಬಂದು ಚರ್ಚು ನಿಶ್ಶಬ್ದವಾಯಿತು. ಪೂರ್ತಿ ನಿಶ್ಶಬ್ದ. ಡೀಕನ್ ಮುಂದಿನ ಸಾಲು ಎತ್ತಲಿಲ್ಲ, ಓಜೆಲ್ಲಾಳ ಕಡೆ ನೋಡುತ್ತಾ ನಿಂತ. ಎಲ್ಲರ ತಲೆಯೂ ಅತ್ತ ತಿರುಗಿತು. ಅವಳು ನಮ್ಮೆಲ್ಲರಿಗಿಂತ ಮುಂಚೆಯೇ ಮುಗಿಸಿ, ಕೈ ಕಟ್ಟಿಕೊಂಡು ಕುಳಿತಿದ್ದಳು.

"ಮದರ್?" ಎಂದ ಡೀಕನ್.

"ನಂದಾಯ್ತಪ್ಪ," ಎಂದಳು ಓಜೆಲ್ಲಾ. "ನೀನು ಮುಂದೆ ಹೋಗು. ನಂಗೋಸ್ಕರ ಯಾರೂ ಕಾಯ್ಬೇಡಿ."